ಚಂದ್ರಿಯ ನೀರಡಿಕೆ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಈಗಲೂ ನಂಬುತ್ತೇನೆಂದು ಎದೆ ತಟ್ಟಿ ಹೇಳಲಾರೆ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರುಮಾಡಿದರೆ, ಅಂದು ಅವರು ಏನು ತಿಂದಿದ್ದರು, ಎಷ್ಟು ತಾಸು ನಿದ್ದೆಗೆಟ್ಟಿದ್ದರು ಎಂದು ನಡುವೆ ಬಾಯಿ ಹಾಕಿ ಕೇಳುವ ಮನುಷ್ಯ ನಾನು. ಆದ್ದರಿಂದ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಆ ದಿನ ನಾನು ಏನೂ ತಿಂದಿರಲಿಲ್ಲ, ಹಿಂದಿನ ರಾತ್ರಿ ನಿದ್ದೆಯೂ ಮಾಡಿರಲಿಲ್ಲ. ಇಷ್ಟು ಓದಿ ಪುಟ ತಿರುಗಿಸುವವರು ತಿರುಗಿಸಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಇನ್ನೊಂದು ಮಾತು. ಇಂಥದ್ದು ನಡೆಯುವುದಾದರೆ ಅಮಾವಾಸ್ಯೆಯ ರಾತ್ರಿ ನಡೆಯಬೇಕು ಎಂದು ಎಲ್ಲರೂ ತಿಳಿದಿರುತ್ತಾರೆ. ನನ್ನದು ನಡೆದದ್ದು ಮಧ್ಯಾಹ್ನ ನಾಲ್ಕರ ಮೇಲೆ, ಮಳೆ ಹೊಳವಾದ ಬಿಸಿಲಿನಲ್ಲಿ, ಸೋಯಾಬೀನ್ ಹೊಲದ ಬದುವಿನ ಮೇಲೆ.

ನಾನು ದನದ ದವಾಖಾನೆಯಲ್ಲಿ ಪಟ್ಟಿ ಕಟ್ಟುವ ನೌಕರ. ಡಾಕ್ಟರಲ್ಲ. ಹಳ್ಳಿಯವರು ಡಾಕ್ಟರ್ ಸಾಹೇಬ ಎನ್ನುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಈಗ ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿದ್ದೇನೆ, ಇದು ನಡೆದಾಗ, ಏಳು ವರ್ಷದ ಹಿಂದೆ, ಔರಾದ ಶಹಾಜನಿಯಲ್ಲಿದ್ದೆ. ಹುಟ್ಟಿದ್ದು ಉದಗೀರದ ಕಡೆ. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಬೈಗುಳ ಎರಡರಲ್ಲೂ.

ಚಿಂತೆ ಮಾಡುವುದು ನನಗೆ ಉಸಿರಾಡಿದ ಹಾಗೆ. ಮನೆಗೆ ಬೀಗ ಹಾಕಿದ ಮೇಲೆ ಓಣಿಯ ತುದಿಯಿಂದ ಮರಳಿ ಬಂದು ಒಮ್ಮೆ ಜಗ್ಗಿ ನೋಡುತ್ತೇನೆ. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟನ್ನೇ ಹಿಡಿಯುತ್ತೇನೆ, ಅವನಿಗೆ ತೂಕಡಿಕೆ ಬಂದರೆ ತಕ್ಷಣ ಗೊತ್ತಾಗಲಿ ಎಂದು. ಚಿಂತೆಗೆ ಕೂತಾಗ ಬಲಗೈಯ ಉಗುರು, ಉಗುರು ಮುಗಿದ ಮೇಲೆ ಅದರ ಸುತ್ತಲಿನ ಚರ್ಮ ಕಚ್ಚಿ ಕೀಳುವುದು ನನ್ನ ಹಳೆಯ ಚಾಳಿ. ಬೆರಳ ತುದಿಗಳು ಯಾವಾಗಲೂ ಕೆಂಪಗೆ ಹಸಿಹಸಿಯಾಗಿರುತ್ತವೆ. ನಲವತ್ತು ದಾಟಿದವನು ಹೇಳಿಕೊಳ್ಳುವ ಮಾತಲ್ಲ ಇದು. ಆದರೂ ಹೇಳದೆ ಗತಿಯಿಲ್ಲ, ಮುಂದಿನದ್ದಕ್ಕೆಲ್ಲ ಈ ಬೆರಳುಗಳೇ ಕಾರಣ.

ಶ್ರಾವಣದ ಕೊನೆಯ ವಾರ. ನಮ್ಮ ಡಾಕ್ಟರು ಮೂರು ದಿನದ ತರಬೇತಿಗೆಂದು ಲಾತೂರಿಗೆ ಹೋಗಿದ್ದರು. ಬೆಳಿಗ್ಗೆ ಮಾಳಪ್ಪನ ಫೋನು ಬಂತು. ಔರಾದದಿಂದ ಆರೇಳು ಕಿಲೋಮೀಟರು ದೂರದ ಹಳ್ಳಿಯವನು. ಅರವತ್ತು ಕುರಿ, ಮೂರೆಕರೆ ಹೊಲ, ಹಣೆಯ ಮೇಲೆ ಬೀರಪ್ಪನ ಹಳದಿ ಭಂಡಾರ, ಹಟ್ಟಿಯಲ್ಲಿ ಒಂದೇ ಒಂದು ಎಮ್ಮೆ. ಹಣೆಯಲ್ಲಿ ಬಿಳಿ ಬೊಟ್ಟಿದ್ದದ್ದರಿಂದ ಅದಕ್ಕೆ ಚಂದ್ರಿ ಎಂದು ಹೆಸರು. ಕರುವಾಗಿದ್ದಾಗ ತಾಯಿ ಸತ್ತಿದ್ದರಿಂದ ಮಾಳಪ್ಪ ಅದಕ್ಕೆ ಬಾಟಲಿಯಲ್ಲಿ ಕುರಿಹಾಲು ಕುಡಿಸಿ ಸಾಕಿದ್ದ.

"ಸಾಹೇಬ್ರ, ಚಂದ್ರಿ ಗಂಟಲದಾಗ ಮೆಕ್ಕಿ ತೆನಿ ಸಿಕ್ಕದ. ನಿನ್ನಿಂದ ಜೊಲ್ಲು ಸುರಸ್ಲತ್ತಾಳ. ನೀರ್ ಸುದ್ದಾ ಒಳಗ ಹೋಗವಲ್ದು."

ಆ ಹಂಗಾಮಿನಲ್ಲಿ ಇದು ಮಾಮೂಲು. ಹಸಿ ತೆನೆ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಳ್ಳುವ ದನಗಳು ವಾರಕ್ಕೊಂದಾದರೂ ಬರುತ್ತವೆ. ಬಾಯಿ ಅಗಲಿಸಿ ಹಿಡಿಯುವುದು, ಮೊಣಕೈತನಕ ಕೈ ಇಳಿಸುವುದು, ಎಳೆಯುವುದು. ಈ ಒಂದು ಕೆಲಸದಲ್ಲಿ ನನಗೆ ಹೆಸರಿತ್ತು, ಕೈ ಸಪೂರ. ಹೊರಡುವಾಗ ಹೆಲ್ಮೆಟ್ಟಿನ ಪಟ್ಟಿ ಎರಡು ಸಲ ನೋಡಿದೆ, ಗಾಡಿಯ ಬ್ರೇಕು ಒತ್ತಿ ನೋಡಿದೆ, ಮಳೆ ಬಂದರೆಂದು ಕೊಡೆ, ಕೊಡೆ ಮುರಿದರೆಂದು ರೇನ್‌ಕೋಟು. ರಬ್ಬರಿನ ಉದ್ದ ಗ್ಲೌಸು ಚೀಲದಲ್ಲೇ ಇತ್ತು. ಅದನ್ನು ಹಾಕಿಕೊಂಡರೆ ತೆನೆಯ ತುದಿ ಬೆರಳಿಗೆ ಸರಿಯಾಗಿ ಸಿಗುವುದಿಲ್ಲವೆಂದು ನಾವ್ಯಾರೂ ಹಾಕಿಕೊಳ್ಳುವುದಿಲ್ಲ. ಜಗತ್ತಿನ ಎಲ್ಲ ಅಪಾಯಗಳಿಗೂ ತಯಾರಾಗಿ ಹೋಗಿ, ಕಣ್ಣೆದುರಿನ ಒಂದಕ್ಕೆ ಬರಿಗೈ ಒಡ್ಡಿದೆ.

ಮಾಳಪ್ಪ ಕೊಂಬು ಹಿಡಿದ. ನಾನು ಕೈ ಇಳಿಸಿದೆ. ನಾಲಿಗೆ ಸತ್ತ ಹಾವಿನಂತೆ ಮೆತ್ತಗೆ ಬಿದ್ದಿತ್ತು. ಇಂಥ ಹೊತ್ತಿನಲ್ಲಿ ಯಾವ ಎಮ್ಮೆಯಾದರೂ ಕೈಯನ್ನು ಹೊರದಬ್ಬಲು ನಾಲಿಗೆ ಆಡಿಸುತ್ತದೆ, ಗಂಟಲು ಬಿಗಿಯುತ್ತದೆ. ಇಲ್ಲಿ ಏನೂ ಇಲ್ಲ. ತೆನೆಯೂ ಇಲ್ಲ. ಖಾಲಿ ಚೀಲದಲ್ಲಿ ಕೈ ಹಾಕಿ ತಡಕಾಡಿದಂತಾಯಿತು. ಕೈ ಹೊರಗೆ ತೆಗೆದೆ. ಆಗ ಚಂದ್ರಿ ಕತ್ತು ಮುಂದೆ ಚಾಚಿ ಕೂಗಿದಳು. ಎಮ್ಮೆಯ ಕೂಗಲ್ಲ ಅದು. ಒಳಗೆ ಯಾರೋ ಹರಿದ ತಿದಿ ಒತ್ತಿದಂತೆ, ಒಡಕಾಗಿ, ಉದ್ದವಾಗಿ. ನೌಕರಿಗೆ ಸೇರಿದ ಹೊಸದರಲ್ಲಿ, ಹುಚ್ಚುನಾಯಿ ಕಡಿದ ದನವೊಂದರ ಬಾಯಲ್ಲಿ ಒಮ್ಮೆ ಕೇಳಿದ್ದೆ. ಒಮ್ಮೆ ಕೇಳಿದರೆ ಸಾಕು.

"ಮಾಳಪ್ಪ, ನಾಯಿ ಕಡದಿತ್ತೇನ ಇಕಿಗಿ?"

"ಇಕಿಗಿ ಕಡದಿಲ್ರೀ. ಕುರಿಗಿ ಕಡದಿತ್ತು, ಹಟ್ಟ್ಯಾಗ ಹೊಕ್ಕು. ಎರಡ ಸತ್ತವು. ಇಕಿ ಅಲ್ಲೇ ಕಟ್ಟಿದ್ಲು. ಮೂತಿಗಿ ಒಂಚೂರ ಗೀರಿತ್ತು, ಅಷ್ಟೇ. ದೇವರ ಭಂಡಾರ ಹಚ್ಚಿದ್ವಿ."

"ಯಾವಾಗ?"

"ಆಷಾಢದಾಗ."

"ನಂಗ್ಯಾಕ ಹೇಳ್ಲಿಲ್ಲ?"

ಮಾಳಪ್ಪ ನನ್ನ ಒದ್ದೆ ಕೈ ನೋಡಿದ, ಎಮ್ಮೆಯನ್ನು ನೋಡಿದ. "ಮಾಯ್ದಿತ್ತಲ್ರೀ," ಎಂದ.

ನಾನು ನನ್ನ ಬೆರಳುಗಳನ್ನು ನೋಡಿದೆ. ಅದರ ಹಿಂದಿನ ದಿನವಷ್ಟೇ ಮಗಳ ಕಾಲೇಜಿನ ಚಿಂತೆಯಲ್ಲಿ ತೋರುಬೆರಳು, ನಡುಬೆರಳು ಎರಡನ್ನೂ ಕಿತ್ತಿಟ್ಟಿದ್ದೆ. ಹಸಿ ಗಾಯದ ಮೇಲೆ ಎಳೆಎಳೆಯಾಗಿ ಜೊಲ್ಲು ಹೊಳೆಯುತ್ತಿತ್ತು.

ಸಾಬೂನಿನ ಒಂದು ಬಿಲ್ಲೆ ಮುಗಿಯುವವರೆಗೆ ಕೈ ತೊಳೆದೆ. ಲಾತೂರಿಗೆ ಫೋನು ಹಚ್ಚಿದೆ. ಡಾಕ್ಟರು ಕೇಳಿದ್ದು ಒಂದೇ ಮಾತು: "ಬರಿಗೈ ಹಾಕಿದೆಯಾ?" ಈಗಿಂದೀಗ ಉದಗೀರಕ್ಕೆ ಹೋಗಿ ಸೂಜಿ ಹಾಕಿಸಿಕೊ, ಮಾಳಪ್ಪನ ಮನೆಯವರೆಲ್ಲರಿಗೂ ಹಾಕಿಸು, ಎಮ್ಮೆಯನ್ನು ಗಟ್ಟಿ ಹಗ್ಗದಲ್ಲಿ ದೂರ ಕಟ್ಟಿಸು ಎಂದರು. ಎಮ್ಮೆಗೆ ಏನು ಮಾಡಲಿ ಎಂದೆ. ಅದಕ್ಕೇನೂ ಇಲ್ಲ ಎಂದರು. ನನಗೂ ಗೊತ್ತಿತ್ತು. ನೋವಿಲ್ಲದೆ ಮಲಗಿಸಿಬಿಡುವ ಸೂಜಿ ಹಾಕುವ ಅಧಿಕಾರ ಡಾಕ್ಟರಿಗೆ ಮಾತ್ರ. ಆ ಔಷಧಿ ಅವರ ಕಪಾಟಿನಲ್ಲಿ, ಕಪಾಟಿನ ಕೀಲಿ ಅವರ ಜೇಬಿನಲ್ಲಿ, ಜೇಬು ಲಾತೂರಿನಲ್ಲಿ. ಮೂರನೆಯ ದಿನ ಬೆಳಿಗ್ಗೆಯ ಮೊದಲ ಬಸ್ಸಿಗೆ ಬರುತ್ತೇನೆ ಎಂದರು. ಅಲ್ಲಿಯವರೆಗೆ ಚಂದ್ರಿ ಕೂಗುತ್ತಲೇ ಇರಬೇಕು.

ಉದಗೀರದಲ್ಲಿ, ಹಾಕಿಸಿಕೊಳ್ಳಬೇಕಾದ ಐದು ಸೂಜಿಗಳಲ್ಲಿ ಮೊದಲನೆಯದು ರಟ್ಟೆಗೆ ಬಿತ್ತು, ಇನ್ನೊಂದು ಬಗೆಯದನ್ನು ಬೆರಳ ಗಾಯದ ಸುತ್ತಲೇ ಚುಚ್ಚಿದರು. ವೇಳೆಗೆ ಸರಿಯಾಗಿ ಬಂದಿದ್ದೀರಿ, ಏನೂ ಆಗುವುದಿಲ್ಲ ಎಂದು ಅಲ್ಲಿನ ಡಾಕ್ಟರು ಸಮಾಧಾನ ಹೇಳಿದರು. ನನಗೆ ಸಮಾಧಾನ ಹೇಳುವುದು ಬಂಡೆಗೆ ಎಣ್ಣೆ ಹಚ್ಚಿದಂತೆ. ಮೇಲೆ ಮಿಂಚುತ್ತದೆ, ಒಳಗೆ ಇಳಿಯುವುದಿಲ್ಲ. ಹೊರಗೆ ಬಂದು ಕ್ಯಾಂಟೀನಿನಲ್ಲಿ ನೀರಿನ ಗ್ಲಾಸು ಎತ್ತಿದೆ. ನುಂಗಲಾಗಲಿಲ್ಲ.

ಮೊದಲು ತಮಾಷೆ ಅನ್ನಿಸಿತು. ಮನೆಗೆ ಬಂದೆ, ಮತ್ತೆ ಎತ್ತಿದೆ. ನೀರು ಬಾಯಲ್ಲಿ ನಿಲ್ಲುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಗಂಟಲು ಬಾಗಿಲು ಹಾಕಿಕೊಂಡ ಹಾಗೆ. ಹೆಂಡತಿ ಸುನಂದಾ ಎದುರು ಕೂತಳು.

"ಒಂದ ದಿನದಾಗ ಯಾರಿಗೂ ಬರಲ್ಲಂತ ಡಾಕ್ಟ್ರು ಹೇಳ್ಯಾರಿಲ್ಲೋ?"

"ಹೇಳ್ಯಾರ."

"ಮತ್ತ ಕುಡೀರಿ."

"ಕುಡೀಲತ್ತೀನಿ."

"ಗ್ಲಾಸ ನೋಡ್ಲತ್ತೀರಿ."

ಇದು ರೋಗವಲ್ಲ, ಹೆದರಿಕೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದು ಏನು ಉಪಯೋಗ? ಗಂಟಲಿಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಲಕ್ಷಣಗಳನ್ನು ಓದಿದೆ. ಓದಿದ್ದೆಲ್ಲ ಒಂದೊಂದಾಗಿ ಬರತೊಡಗಿತು. ಅರ್ಧ ತಾಸಿಗೊಮ್ಮೆ ಎದ್ದು ಒಂದು ಗುಟುಕು ಪರೀಕ್ಷೆ ಮಾಡಿ ಬಚ್ಚಲಿಗೆ ಉಗುಳಿ ಬಂದು ಮಲಗಿದೆ. ಸುನಂದಾ ಮೊದಲು ಬೈದಳು, ಆಮೇಲೆ ನಕ್ಕಳು, ಬೆಳಗಿನ ಜಾವ ಗೋಡೆಯ ಕಡೆ ತಿರುಗಿ ಸದ್ದಿಲ್ಲದೆ ಅತ್ತಳು. ಅವಳು ಅತ್ತದ್ದು ನೋಡಿ ನನಗೆ ಖಾತ್ರಿಯಾಯಿತು, ನಾನು ಸಾಯುತ್ತೇನೆ ಎಂದು.

ಮರುದಿನ ಮಧ್ಯಾಹ್ನ ಮತ್ತೆ ಆ ಹಳ್ಳಿಗೆ ಹೋದೆ. ಹಗ್ಗ ಗಟ್ಟಿಯಿದೆಯೋ, ಜನ ಹತ್ತಿರ ಹೋಗುತ್ತಿದ್ದಾರೋ ನೋಡುವುದು ನನ್ನ ಕೆಲಸ ಎಂದು ಸುನಂದಾಗೆ ಹೇಳಿದೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಕೂರಲಾಗಲಿಲ್ಲ. ಒಂದೇ ಗಾಡಿಯ ಟಿಕೀಟು ಹಿಡಿದ ಇಬ್ಬರಂತೆ ನನಗೂ ಆ ಎಮ್ಮೆಗೂ ಏನೋ ಸಂಬಂಧ ಬೆಳೆದುಬಿಟ್ಟಿತ್ತು.

ಊರ ಹೊರಗೆ, ಹೊಲದ ಬದುವಿನ ಬೇವಿನ ಮರಕ್ಕೆ ಚಂದ್ರಿಯನ್ನು ಎರಡು ಹಗ್ಗದಲ್ಲಿ ಕಟ್ಟಿದ್ದರು. ಆ ಮರದಾಚೆ ತಗಡಿನ ಚಾವಣಿಯ ಪುಟ್ಟ ಬುದ್ಧವಿಹಾರ, ವಿಹಾರದಾಚೆ ಬೌದ್ಧರ ಓಣಿ. ದನಿ ಒಡೆದುಹೋಗಿದ್ದರೂ ಕೂಗು ನಿಂತಿರಲಿಲ್ಲ. ದೂರದಲ್ಲಿ ಯಾರೋ ತಾಟು ಬೀಳಿಸಿದರೂ ಸಾಕು, ಸದ್ದು ಬಂದ ಕಡೆ ಮೈಯೆಲ್ಲ ಎಸೆದು ಹಗ್ಗ ಜಗ್ಗುತ್ತಿದ್ದಳು. ಈ ರೋಗದಲ್ಲಿ ಹಾಗೇ, ಸದ್ದೆಂದರೆ ಚಾಟಿಯೇಟು.

ಆದರೆ ನನ್ನನ್ನು ಕೊಂದದ್ದು ಆ ಕೂಗಲ್ಲ, ನೀರಿನ ಬಕೆಟ್ಟು. ಮನಸ್ಸು ತಾಳದೆ ಮಾಳಪ್ಪ ಉದ್ದನೆಯ ಕೋಲಿನಿಂದ ಒಂದು ಕಪ್ಪು ರಬ್ಬರಿನ ಬಕೆಟ್ಟನ್ನು ಅದರ ಮುಂದೆ ನೂಕಿ, ಪೈಪಿನಿಂದ ತುಂಬಿದ್ದ. ಚಂದ್ರಿ ಮೂತಿ ಅದ್ದುತ್ತಾಳೆ. ನೀರು ಬಾಯಿಗೆ ಬರುತ್ತದೆ, ಒಳಗೆ ಹೋಗದೆ ಎರಡೂ ಕಡೆಯಿಂದ ಸುರಿದುಹೋಗುತ್ತದೆ. ತಲೆ ಎತ್ತಿ ಕೂಗುತ್ತಾಳೆ. ಮತ್ತೆ ಅದ್ದುತ್ತಾಳೆ. ಬೆಳಗಿನಿಂದ ಇದೇ.

"ನೀರ ಇಡ್ಲ್ಯಾ, ತೆಗೀಲ್ಯಾ, ಸಾಹೇಬ್ರ?" ಮಾಳಪ್ಪ ಕೇಳಿದ. ಕಣ್ಣು ಕೆಂಪಾಗಿದ್ದವು. "ಇಟ್ರ ಹಿಂಗ ಮಾಡ್ತಾಳ. ತೆಗದ್ರ ಬಕೀಟ ಇದ್ದ ಕಡೀನೇ ನೋಡ್ಕೋತ ನಿಂದುರ್ತಾಳ. ನೀವ್ ಹೇಳದಂಗ ಮಾಡ್ತೀನಿ."

ಇಪ್ಪತ್ತು ವರ್ಷದ ನೌಕರಿಯಲ್ಲಿ ಜನ ನನಗೆ ಸಾವಿರ ಪ್ರಶ್ನೆ ಕೇಳಿದ್ದಾರೆ. ಗೊತ್ತಿಲ್ಲದ್ದಕ್ಕೂ ಏನಾದರೊಂದು ಹೇಳಿ ಕಳಿಸಿದ್ದೇನೆ. ಇದಕ್ಕೂ "ಇರ್ಲಿ ಬಿಡು" ಎಂದೆ, ಇಡುವ ಅರ್ಥದಲ್ಲೋ ಬಿಡುವ ಅರ್ಥದಲ್ಲೋ ನನಗೇ ತಿಳಿಯದು. ಮಾಳಪ್ಪ ಬಕೆಟ್ಟನ್ನು ಮತ್ತೆ ಅಂಚಿನವರೆಗೆ ತುಂಬಿ ಪೈಪು ಸುತ್ತಿಟ್ಟ.

ಆ ಹೊತ್ತಿಗೆ ವಿಹಾರದ ಕಡೆಯಿಂದ ಗಯಾಬಾಯಿ ಬಂದಳು. ಅರವತ್ತು ದಾಟಿದ ಹೆಂಗಸು, ಬಿಳಿ ಸೀರೆ. ತವರು ಭಾಲ್ಕಿಯ ಕಡೆ, ಆದ್ದರಿಂದ ನನ್ನ ಜೊತೆ ಕನ್ನಡ. ಅಂಗನವಾಡಿಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಮಳೆಗಾಲದ ಮೂರು ತಿಂಗಳು ದಿನಾ ಮಧ್ಯಾಹ್ನ ವಿಹಾರದಲ್ಲಿ ಗ್ರಂಥ ಓದಿಸಿ, ವಂದನೆ ಹೇಳಿಸಿ ಮನೆಗೆ ಹೋಗುವವಳು. ಮಾಳಪ್ಪನ ದೊಡ್ಡಪ್ಪ ಸಿದಕಾಕಾ ಅಲ್ಲೇ ಬದುವಿನ ಮೇಲೆ ಬೀಡಿ ಸೇದುತ್ತ ಕೂತಿದ್ದ. ಅವಳನ್ನು ನೋಡಿದವನೇ ಅಂದ:

"ಏನ ಗಯಾ, ಇನ್ನಾ ಸತ್ತಿಲ್ಲ ನೋಡು. ಎಳೀಲಾಕ ಆಗಲೇ ಬಂದಿ?"

ಸತ್ತ ದನ ಎಳೆದೊಯ್ಯುವುದು ಒಂದು ಕಾಲಕ್ಕೆ ಅವಳ ಓಣಿಯವರ ತಲೆಗೆ ಊರು ಕಟ್ಟಿದ್ದ ಕೆಲಸ. ಬುದ್ಧನ ದಾರಿ ಹಿಡಿದಾಗ ಅವರು ಅದನ್ನು ಬಿಟ್ಟಿದ್ದರು. ಸಿದಕಾಕಾನಿಗೆ ಇದು ಗೊತ್ತಿರಲಿಲ್ಲವೆಂದಲ್ಲ.

"ಎಳಿಯೂದು ನಮ್ಮ ಮಾವನ ಕಾಲಕ್ಕೇ ಬಿಟ್ಟೀವಿ, ಕಾಕಾ," ಅಂದಳು ಗಯಾಬಾಯಿ, ದನಿ ಏರಿಸದೆ. "ನಾ ಕೂಡ್ಲಾಕ ಬಂದೀನಿ."

"ಕೂತ್ ಏನ್ ಮಾಡ್ತಿ?"

"ನೀವು ಕೂತ್ ಏನ್ ಮಾಡ್ಲತ್ತೀರಿ?"

ಸಿದಕಾಕಾ ಬೀಡಿಯ ತುದಿ ನೋಡಿದ. ಎದ್ದು ಊರ ಕಡೆ ನಡೆದ. ಮಾಳಪ್ಪನಿಗೂ ಅಲ್ಲಿ ನಿಲ್ಲಲಾಗಲಿಲ್ಲ. ಹಟ್ಟಿಯಲ್ಲಿ ಕುರಿ ನೋಡಿ ಬರುತ್ತೇನೆಂದು ಹೋದ.

ಗಯಾಬಾಯಿ ಗೊಬ್ಬರದ ಖಾಲಿ ಚೀಲ ಮಡಚಿ ಕೈಯಲ್ಲಿ ಹಿಡಿದು ನನ್ನನ್ನು ಕೇಳಿದಳು: "ಎಷ್ಟ ದೂರ ಕೂಡಬೇಕ್ರೀ?"

"ಹದಿನೈದ ಫೂಟು."

"ಹದಿನಾಲ್ಕಕ್ಕ ಕೂತ್ರ ಏನಾಗ್ತದ?"

"ನಂಗ ನಿದ್ದಿ ಬರಲ್ಲ."

ಅವಳು ನಕ್ಕು ಹದಿನೈದಕ್ಕೇ ಚೀಲ ಹಾಸಿದಳು. ಹಾಡು, ಮಂತ್ರ ಏನೂ ಬೇಡ, ಸದ್ದಾದರೆ ಎಮ್ಮೆ ಇನ್ನಷ್ಟು ಕೆರಳುತ್ತದೆ ಎಂದು ನಾನು ಎಚ್ಚರಿಸಿದೆ.

"ಮಂತ್ರ ಅಲ್ರೀ ಇದು, ದವಾನೂ ಅಲ್ಲ. ಅಕಿ ಒಬ್ಬಾಕಿನೇ ಸಾಯೂದು ಬ್ಯಾಡ, ಅಷ್ಟೇ. ಸಣ್ಣಕ್ಕ ಹೇಳ್ತೀನಿ. ಕೆರಳಿದ್ರ ಬಂದ ಮಾಡ್ತೀನಿ." ಆಮೇಲೆ ನನ್ನ ಮುಖ ನೋಡಿ, "ನೀವೂ ಕೂಡ್ರಿ. ನೀವ್ ಅಕಿಕಿಂತ ಸಣ್ಣ ಮಾರಿ ಮಾಡೀರಿ."

ಜೀವಗಳಿಗೆ ಒಳ್ಳೆಯದನ್ನು ಬೇಡುವ ಕ್ರಮವನ್ನೂ ಅವಳೇ ಹೇಳಿದಳು. ಮೊದಲು ತನಗೆ ಬೇಡಿಕೊಳ್ಳಬೇಕು, ನಾನು ಸುಖದಿಂದಿರಲಿ ಎಂದು. ಆಮೇಲೆ ಪಕ್ಕದವರಿಗೆ. ಆಮೇಲೆ ವೈರಿಗೆ. ಆಮೇಲೆ ಕಾಲಿರುವ, ಕಾಲಿಲ್ಲದ ಸಕಲ ಜೀವಕ್ಕೆ. ತನಗೆ ಬೇಡಲು ಬರದವನಿಗೆ ಇನ್ನೊಬ್ಬರಿಗೆ ಬೇಡಲು ಬರುವುದಿಲ್ಲವಂತೆ. ನಾನು ಪ್ರಯತ್ನಿಸಿದೆ. ನಾನು ಸುಖದಿಂದಿರಲಿ ಎಂದುಕೊಂಡ ಕೂಡಲೇ ಹಿಂದಿನಿಂದ ಅರ್ಜಿಗಳು ಸಾಲುಗಟ್ಟಿದವು: ಈ ರೋಗ ಬಾರದಿರಲಿ, ಉದಗೀರದಲ್ಲಿ ಎರಡನೆಯ ಸೂಜಿ ಸ್ಟಾಕಿರಲಿ, ಅದನ್ನಿಟ್ಟ ಫ್ರಿಜ್ಜಿಗೆ ಕರೆಂಟು ಹೋಗದಿರಲಿ. ಪಕ್ಕದವರ ತನಕ ನನ್ನ ಸರದಿ ಮುಟ್ಟಲೇ ಇಲ್ಲ.

ಗಯಾಬಾಯಿ ಕಣ್ಣು ಮುಚ್ಚಿ ಹೇಳತೊಡಗಿದಳು. ಪಾಲಿ ಭಾಷೆ, ಎಳೆಯುವ ಧಾಟಿ ಮಾತ್ರ ನಮ್ಮ ಕಡೆಯ ಬೀಸುಕಲ್ಲಿನ ಹೆಂಗಸರದು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ನಾನು ನೋಡುತ್ತಿದ್ದದ್ದು ಹಗ್ಗವನ್ನು. ಈಗ ನುಗ್ಗುತ್ತದೆ, ಈಗ ನುಗ್ಗುತ್ತದೆ ಎಂದು ಅರ್ಧ ಎದ್ದೇ ಕೂತಿದ್ದೆ. ಚಂದ್ರಿಯ ಕಿವಿ ದನಿಯ ಕಡೆ ತಿರುಗಿತು. ನುಗ್ಗಲಿಲ್ಲ. ಮತ್ತೊಂದು ಕೂಗು ಅರ್ಧಕ್ಕೆ ಬಂದು ನಿಂತಿತು. ಹಗ್ಗ ಸಡಿಲವಾಗಿ ನೆಲ ಮುಟ್ಟಿತು. ಇದಾಗುವುದಿಲ್ಲ ಎಂದು ನನಗೆ ಗೊತ್ತು. ನಮ್ಮ ದವಾಖಾನೆಯ ಗೋಡೆಯ ಮೇಲಿನ ಪಟದಲ್ಲಿ ದೊಡ್ಡಕ್ಷರದಲ್ಲಿ ಬರೆದಿದೆ, ರೋಗ ತಗುಲಿದ ದನದ ಬಳಿ ಸದ್ದು ಮಾಡಬಾರದೆಂದು. ಆದರೂ ಇಷ್ಟರವರೆಗಿನದ್ದಕ್ಕೆ ಒಂದು ಕಾರಣ ಹುಡುಕಬಹುದು. ಸುಸ್ತಾಗಿತ್ತು, ಲಕ್ವ ಮೇಲೇರುತ್ತಿತ್ತು ಎನ್ನಬಹುದು. ಮುಂದಿನದ್ದಕ್ಕೆ ನನ್ನ ಬಳಿ ಏನೂ ಇಲ್ಲ.

ಚಂದ್ರಿ ಮೂತಿಯನ್ನು ಬಕೆಟ್ಟಿಗೆ ಅದ್ದಿದಳು. ಈ ಸಲ ನೀರು ಹೊರಗೆ ಸುರಿಯಲಿಲ್ಲ. ಅವಳ ಕತ್ತಿನ ಕೆಳಗೆ ಗುಟುಕು ಇಳಿದುಹೋಗುವುದು ಕಂಡಿತು, ಚರ್ಮದಡಿ ಇಲಿ ಓಡಿದಂತೆ. ಅದೇ ಕ್ಷಣ ನನ್ನ ಗಂಟಲು ತೆರೆಯಿತು. ತಣ್ಣಗೆ ಒಂದು ಗುಟುಕು ನನ್ನೊಳಗೆ ಇಳಿಯಿತು.

ಹೋಲಿಕೆಗಾಗಿ ಹೇಳುತ್ತಿಲ್ಲ. ಬಾಯಲ್ಲಿ ಬೋರಿನ ನೀರಿನ ಸವಳು ರುಚಿ ಬಂತು, ಜೊತೆಗೆ ರಬ್ಬರಿನ ವಾಸನೆ. ನನ್ನ ತುಟಿ ಮುಚ್ಚಿತ್ತು, ಅಂಗಿ ಒಣಗಿತ್ತು, ಕೈಯೆರಡೂ ತೊಡೆಯ ಮೇಲಿದ್ದವು. ಅವಳ ಕತ್ತಿನಲ್ಲಿ ಇನ್ನೊಂದು ಗುಟುಕು ಓಡಿತು, ನನ್ನಲ್ಲಿ ಇನ್ನೊಂದು ಇಳಿಯಿತು. ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ. ಹಿಂದಿನ ದಿನದಿಂದ ಒಣಗಿದ್ದ ಹೊಟ್ಟೆ ತಂಪಾಗುತ್ತ, ತುಂಬುತ್ತ ಬಂತು. ಆ ಹೊತ್ತು ನಾನು ಯಾವ ಚಿಂತೆಯನ್ನೂ ಮಾಡಲಿಲ್ಲ, ಇದು ಏನೆಂಬ ಚಿಂತೆಯನ್ನೂ. ಕಣ್ಣಿಂದ ನೀರು ಹೋಗುತ್ತಿತ್ತು, ಒರೆಸಿಕೊಳ್ಳಬೇಕೆಂದೂ ಅನ್ನಿಸಲಿಲ್ಲ.

ಆಮೇಲೆ ಚಂದ್ರಿ ತಲೆಯೆತ್ತಿ, ಮುಂಗಾಲು ಮಡಚಿ, ದಿನವೂ ಹಟ್ಟಿಯಲ್ಲಿ ಮಲಗುವ ಹಾಗೆ ಮಲಗಿದಳು. ಕತ್ತನ್ನು ನೆಲಕ್ಕೆ ಚಾಚಿದಳು. ಗಯಾಬಾಯಿ ಕೊನೆಯ ಸಾಲು ಹೇಳಿ ಕೈ ಮುಗಿದು ಕಣ್ಣು ತೆರೆಯುವ ಹೊತ್ತಿಗೆ ಪಕ್ಕೆ ಆಡುವುದು ನಿಂತಿತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಮಾಳಪ್ಪ ಬಂದ. ಸ್ವಲ್ಪ ಹೊತ್ತು ದೂರದಲ್ಲೇ ಕುಕ್ಕರಗಾಲಲ್ಲಿ ಕೂತು ತಲೆಯ ಮೇಲೆ ಟವೆಲು ಎಳೆದುಕೊಂಡ. ನಾನು ಅವನ ಬಳಿ ಹೋಗಿ, "ಹೋಗೂ ಮುಂದ ನೀರ ಕುಡದ್ಲು, ಮಾಳಪ್ಪ. ಹೊಟ್ಟಿ ತುಂಬ ಕುಡದ್ಲು" ಎಂದೆ. ಆ ಮಾತು ಹೇಳುವಾಗ ನನಗಾದ ಸಂತೋಷವನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಮಾಳಪ್ಪ ದಡಕ್ಕನೆ ಎದ್ದು ಕೋಲು ಹಿಡಿದು ಬಕೆಟ್ಟಿನ ಬಳಿ ಹೋದ. ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಕುಡದಿಲ್ರೀ," ಅಂದ. "ನಾ ತುಂಬಿದಂಗೇ ಅದ."

ನಾನೂ ಹೋಗಿ ನೋಡಿದೆ. ನೀರು ಅಂಚಿನವರೆಗೆ ಇತ್ತು. ಜೊಲ್ಲಿನ ಒಂದು ಎಳೆಯೂ ಇಲ್ಲದ ತಿಳಿನೀರು. ಮೇಲೆ ಎರಡು ಬೇವಿನ ಎಲೆ ಅಲುಗಾಡದೆ ನಿಂತಿದ್ದವು.

ಏನೋ ಭ್ರಮೆ ಎಂದು ನೀವು ಅನ್ನುತ್ತೀರಿ. ನಾನೂ ಅದನ್ನೇ ಅಂದುಕೊಂಡೆ. ಉಪವಾಸ, ನಿದ್ದೆಗೇಡು, ಹೆದರಿಕೆ, ಬಿಸಿಲು. ಅಷ್ಟರಲ್ಲಿ ನನಗೆ ಮೂತ್ರಕ್ಕೆ ಅವಸರವಾಯಿತು. ಹಿಂದಿನ ದಿನದಿಂದ ನಾಲ್ಕು ಹನಿ ಆಗಿದ್ದರೆ ಹೆಚ್ಚು. ಬದುವಿನಾಚೆ ಹೋಗಿ ನಿಂತವನು, ಮಾಳಪ್ಪ ಎರಡು ಸಲ "ಸಾಹೇಬ್ರ, ಅರಾಮ ಇದ್ದೀರಿಲ್ಲೋ?" ಎಂದು ಕೂಗಿ ಕೇಳುವಷ್ಟು ಹೊತ್ತು ನಿಂತೆ. ಭ್ರಮೆಯಿಂದ ಮನುಷ್ಯ ಏನೇನೋ ಕಾಣಬಹುದು. ಇದು ಎಲ್ಲಿಂದ ಬಂತು? ಸಂಕೋಚದ ವಿಷಯ, ಕ್ಷಮಿಸಬೇಕು. ಆದರೆ ನನ್ನ ಬಳಿ ಇರುವ ಸಾಕ್ಷಿ ಇದೊಂದೇ.

ಮರುದಿನ ಡಾಕ್ಟರು ಬಂದು, ಪರೀಕ್ಷೆಗೆ ತೆಗೆಯುವುದನ್ನು ತೆಗೆದು ಕಳಿಸಿದರು. ಜೆಸಿಬಿ ತರಿಸಿ ಆಳವಾಗಿ ತೋಡಿ ಸುಣ್ಣ ಹಾಕಿ ಹೂತೆವು. ಕೆಲವು ವಾರದ ಮೇಲೆ ವರದಿ ಬಂತು, ಹುಚ್ಚುನಾಯಿ ರೋಗವೇ. ಅಂದಮೇಲೆ ಚಂದ್ರಿಯ ಗಂಟಲು ನುಂಗುವ ಸ್ಥಿತಿಯಲ್ಲಿ ಇರಲಿಲ್ಲ. ನಾನು ಐದೂ ಸೂಜಿ ಮುಗಿಸಿದೆ. ಚಂದ್ರಿ ಸತ್ತ ದಿನ ರಾತ್ರಿಯೇ ಮನೆಗೆ ಹೋಗಿ ಸುನಂದಾ ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದಿದ್ದೆ. ಹೆದರಿಕೆ ಬಿಟ್ಟಿತೆಂದು ಅವಳು ನೆರೆಮನೆಗೆಲ್ಲ ಸಕ್ಕರೆ ಹಂಚಿದಳು. ಅವಳಿಗೆ ಇದನ್ನು ಹೇಳಲಿಲ್ಲ. ಡಾಕ್ಟರಿಗಂತೂ ಹೇಳುವ ಮಾತೇ ಇಲ್ಲ.

ಹೇಳಿದ್ದು ಗಯಾಬಾಯಿಗೆ ಮಾತ್ರ, ಉಮರ್ಗಾಕ್ಕೆ ವರ್ಗವಾದಾಗ. ಅವಳ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಅವಳು ಹಿಗ್ಗುತ್ತಾಳೆ, ಧಮ್ಮದ ಮಹಿಮೆ ಎನ್ನುತ್ತಾಳೆ ಎಂದುಕೊಂಡಿದ್ದೆ. ಹಾಗೆಂದಿದ್ದರೆ ನಾನು ಒಳಗೊಳಗೇ ನಕ್ಕು, ಸಂಶಯಪಟ್ಟು, ಹಗುರಾಗುತ್ತಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿದಳು.

"ನಾ ಅಕಿಗಿ ಬೇಡಿದ್ದೆ," ಅಂದಳು.

"ಗೊತ್ತದ, ಬಾಯಿ."

"ನಿಮಗ ಮುಟ್ಟಿದ್ದು ಚಲೋನೇ ಆಯ್ತು. ನೀವೂ ಜೀವಾನೇ. ಅದಕ್ಕಲ್ಲ ನಾ ಕೇಳೂದು." ಮೊರವನ್ನು ಪಕ್ಕಕ್ಕಿಟ್ಟಳು. "ನಾ ಕಣ್ಣ ಮುಚ್ಚಿದ್ದೆ, ಏನೂ ನೋಡಿಲ್ಲ. ನೀವು ದನದ ದವಾಖಾನ್ಯಾಗಿನವ್ರು, ನೀವೇ ಖರೇ ಹೇಳ್ರಿ. ನೀರು ಅಕಿಗೂ ಮುಟ್ಟಿತಿಲ್ಲೋ?"

ನಾನು ಕಂಡ ಗುಟುಕನ್ನು ನೆನೆದೆ. ತುಂಬಿದ ಬಕೆಟ್ಟನ್ನು ನೆನೆದೆ. ಕುಡಿದವಳು ಅವಳಾಗಿದ್ದರೆ ನೀರು ಕಡಿಮೆಯಾಗಬೇಕಿತ್ತು. ಕುಡಿದದ್ದು ನಾನೊಬ್ಬನೇ ಆಗಿದ್ದರೆ, ಅಷ್ಟು ಹೊತ್ತು ಚಂದ್ರಿ ಆ ನೀರಿನಲ್ಲಿ ಮೂತಿ ಇಟ್ಟುಕೊಂಡು ಒಣಗಂಟಲಲ್ಲಿ ಸತ್ತಳು, ನಾನು ಹದಿನೈದು ಫೂಟು ದೂರದಲ್ಲಿ ಕೂತು ಅವಳ ಪಾಲಿನದನ್ನು ಹೊಟ್ಟೆ ತುಂಬ ಕುಡಿದೆ. ಹೌದು ಅಂದುಬಿಡಬಹುದಿತ್ತು, ಡಾಕ್ಟರಲ್ಲದೆಯೂ ಡಾಕ್ಟರೆನಿಸಿಕೊಂಡವನಿಗೆ ಒಂದು ಸುಳ್ಳು ಏನು ಭಾರ? ಆ ಮುದುಕಿಯ ಮುಖ ನೋಡಿ ಅದೂ ಬರಲಿಲ್ಲ. ಅವಳು ಬಹಳ ಹೊತ್ತು ಕಾದು, ಮೊರ ಎತ್ತಿಕೊಂಡಳು.

ಈಗಲೂ ವರ್ಷಕ್ಕೆ ಒಂದೆರಡು ಸಲ ಅವಳ ಫೋನು ಬರುತ್ತದೆ. ಮಗಳ ನೌಕರಿ, ಸುನಂದಾಳ ಮೊಣಕಾಲು, ಆ ಕಡೆಯ ಮಳೆ, ಈ ಕಡೆಯ ಮಳೆ ಎಲ್ಲ ವಿಚಾರಿಸುತ್ತಾಳೆ. ಮಾತು ಮುಗಿದ ಮೇಲೆ ಫೋನು ಇಡದೆ, ಅಂದು ಕಟ್ಟೆಯ ಮೇಲೆ ಕಾದ ಹಾಗೆ ಕಾಯುತ್ತಾಳೆ. ಅವಳ ಉಸಿರು ಕೇಳುತ್ತಿರುತ್ತದೆ. ಆಮೇಲೆ ಅವಳೇ, "ಆಯ್ತು, ಇಡ್ತೀನ್ರೀ," ಎನ್ನುತ್ತಾಳೆ.